ದೇಶದ ಹಾಡಿಗೆ ಹತ್ತಿದ ಚತುರ್ಥೀ ರೋಗ

ಅಕ್ರಾನೆಸ್ ಊರಿನ ಗ್ರೀಮುರ್ ಮೇಷ್ಟ್ರಿಗೆ ಜೀವನದಲ್ಲಿ ಎರಡೇ ದುಃಖ. ಯುರೋಪಿನ ಹಾಡಿನ ಪಂದ್ಯಕ್ಕೆ ಯಾವ ಹಾಡು ಕಳಿಸಬೇಕೆಂದು ಐಸ್‌ಲ್ಯಾಂಡಿನ ಜನ ವರ್ಷಕ್ಕೊಮ್ಮೆ, ಕೊರೆಯುವ ಫೆಬ್ರವರಿಯಲ್ಲಿ, ತಲೆ ಕೆಡಿಸಿಕೊಳ್ಳುವುದು ಒಂದು. ಅದೇ ಜನ ವರ್ಷಪೂರ್ತಿ ವಿಭಕ್ತಿ ಕೆಡಿಸಿಕೊಂಡಿರುವುದು ಇನ್ನೊಂದು. ಮೊದಲನೆಯ ಜ್ವರ ಮೇ ತಿಂಗಳಲ್ಲಿ ಪಂದ್ಯ ಸೋತ ಮೇಲೆ ತಾನಾಗಿ ಇಳಿಯುತ್ತದೆ. ಎರಡನೆಯದಕ್ಕೆ ಮದ್ದಿಲ್ಲ.

ಈ ಎರಡನೆಯದಕ್ಕೆ ಅಲ್ಲಿಯವರೇ ಇಟ್ಟಿರುವ ಹೆಸರು ಚತುರ್ಥೀ ರೋಗ. (ಗಣೇಶನಿಗೂ ಇದಕ್ಕೂ ಸಂಬಂಧವಿಲ್ಲ. ಆತನಿಗೆ ಕಡುಬಾದರೂ ಸಿಗುತ್ತದೆ.) ವಿಷಯ ಇಷ್ಟೆ. ಅವರ ಭಾಷೆಯಲ್ಲಿ ಆಸೆ ಎನ್ನುವುದು ಮನುಷ್ಯನಿಗೆ ಆಗುವುದಲ್ಲ, ಮನುಷ್ಯನನ್ನು ಆಗುವುದು. ‘ನನ್ನನ್ನಾಸೆ’ ಎಂದರೆ ದ್ವಿತೀಯಾ ವಿಭಕ್ತಿ, ಶುದ್ಧ. ‘ನನಗಾಸೆ’ ಎಂದರೆ ಚತುರ್ಥಿ, ರೋಗ. ದೇಶದ ಅರ್ಧ ಜನ ‘ನನಗಾಸೆ’ ಎಂದೇ ಹೇಳಿಕೊಂಡು, ಉಂಡುಟ್ಟು, ಮಕ್ಕಳನ್ನು ಹೆತ್ತು ಸುಖವಾಗಿದ್ದಾರೆ. (ಕನ್ನಡದವರಾದ ನಾವಂತೂ ಹುಟ್ಟಾ ರೋಗಿಗಳು. ಈ ಸಂಗತಿ ಮೇಷ್ಟ್ರ ಕಿವಿಗೆ ಬೀಳದಿರಲಿ.)

ಆ ಸುಖಿಗಳ ಪೈಕಿ ಮೇಷ್ಟ್ರ ಹೆಂಡತಿ ರನ್‌ವೇಗ್ ಕೂಡ ಒಬ್ಬರು. ಆಕೆ ಊರಿನ ಹಲ್ಲಿನ ಡಾಕ್ಟರು. ಮನೆಯಲ್ಲಿ ಅವರಿಬ್ಬರ ಮಾತುಕತೆ ಹೀಗೆ ನಡೆಯುತ್ತಿತ್ತು:

“ಗ್ರೀಮುರ್, ನನಗಾಸೆ—”

“ನನ್ನನ್ನು!”

“ಆಯ್ತು ಮಾರಾಯ, ನನ್ನನ್ನು. ನನ್ನನ್ನು ಏನು ಆಸೆ ಅಂತ ಹೇಳೋದಿತ್ತಪ್ಪಾ... ಥತ್, ಮರ್ತೇ ಹೋಯ್ತು.”

ಮದುವೆಯಾದಾಗಿನಿಂದ ಇದೇ ಕತೆ. ಆಕೆಯ ಮಾತನ್ನು ಕೊನೆಯವರೆಗೆ ಕೇಳಿಸಿಕೊಂಡವರೆಂದರೆ ಆಕೆಯ ರೋಗಿಗಳು ಮಾತ್ರ. ಅವರ ಬಾಯಿ ತೆರೆದಿರುತ್ತದೆ, ಮಾತು ಬರುವುದಿಲ್ಲ. “ಆ ಕುರ್ಚಿ ಒಂದನ್ನ ಮನೇಲೂ ಹಾಕಿಸ್ಬೇಕು ಕಣ್ರೇ” ಎಂದು ಆಕೆ ತಮ್ಮ ಭಜನಾಮಂಡಳಿಯ, ಅಂದರೆ ಚರ್ಚಿನ ಹಾಡಿನ ಮೇಳದ, ಗೆಳತಿಯರಿಗೆ ಹೇಳುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು. ಆದರೆ ಗಂಡನೆದುರು ಒಂದೇ ಒಂದು ವಾಕ್ಯವನ್ನು ದಡ ಮುಟ್ಟಿಸಬೇಕೆಂಬ ಹಂಬಲ ಆಕೆಗೆ ನಿಜವಾಗಿಯೂ ಇತ್ತು.

ಮೇಷ್ಟ್ರಾದರೋ ಹಾಡಿನ ಪಂದ್ಯದ ವ್ಯಾಕರಣದೋಷಗಳ ಮೇಲೆ ವರ್ಷವರ್ಷವೂ ಪತ್ರಿಕೆಗಳಲ್ಲಿ ಕೆಂಡ ಕಾರುತ್ತಿದ್ದರು. ಟೀವಿಯವರು ಸಹಿಸಿ ಸಹಿಸಿ ಕೊನೆಗೆ ಒಂದು ಉಪಾಯ ಮಾಡಿದರು. ಬೊಗಳುವ ಬಾಯಿಗೆ ರೊಟ್ಟಿ ಹಾಕಿದಂತೆ, ಹಾಡು ಆರಿಸುವ ಸಮಿತಿಗೆ ಅವರನ್ನೇ ಸದಸ್ಯರನ್ನಾಗಿ ಮಾಡಿಬಿಟ್ಟರು. ಹಾಡು ಕಟ್ಟುವ ಹುಚ್ಚಿದ್ದವರು ಯಾರು ಬೇಕಾದರೂ ಗುಪ್ತನಾಮದಲ್ಲಿ ಹಾಡು ಕಳಿಸಬಹುದು. ಸಮಿತಿ ಅದರಲ್ಲಿ ಹತ್ತನ್ನು ಹೆಕ್ಕಬೇಕು. ಆಮೇಲೆ ಟೀವಿಯಲ್ಲಿ ಪ್ರಜೆಗಳೇ ಫೋನು ಒತ್ತಿ ಒಂದನ್ನು ಗೆಲ್ಲಿಸುತ್ತಾರೆ. ಹೆಸರು ಗುಪ್ತ ಅಂದಮಾತ್ರಕ್ಕೆ ಹೆಚ್ಚು ಉಪಯೋಗವೇನಿಲ್ಲ, ಅಷ್ಟು ಸಣ್ಣ ದೇಶದಲ್ಲಿ ಕೆಮ್ಮಿದರೂ ಯಾರ ಮಗ ಎಂದು ಗೊತ್ತಾಗುತ್ತದೆ.

“ದ್ವಿತೀಯಾ ವಿಭಕ್ತಿಗೆ ನ್ಯಾಯ ಸಿಗುವ ಕಾಲ ಬಂತು!” ಎಂದು ಮೇಷ್ಟ್ರು ಟೈ ಕಟ್ಟಿಕೊಂಡು ರಾಜಧಾನಿಗೆ ಹೊರಟರು.

“ನನಗಾಸೆ, ನೀನು—” ಎಂದರು ರನ್‌ವೇಗ್ ಬಾಗಿಲಲ್ಲಿ.

“ನನ್ನನ್ನು!” ಎಂದು ಮೇಷ್ಟ್ರು ಕಾರು ಹತ್ತಿದರು.

ಸಮಿತಿಯಲ್ಲಿ ಅಧ್ಯಕ್ಷೆ ಬಿರ್ನಾ, ಕೋಲ್ಬೇನ್ ಎಂಬ ಡ್ರಮ್ ಬಾರಿಸುವ ಹುರಿಯಾಳು, ಇನ್ನೊಂದಿಬ್ಬರು ಸಂಗೀತಗಾರರು ಇದ್ದರು. ಮೇಷ್ಟ್ರು ಪ್ರತಿ ಹಾಡಿನಲ್ಲೂ ದೋಷ ಹುಡುಕಿ, ಎಲ್ಲರ ಕಾಫಿ ಆರಿಸಿ, ಮಧ್ಯಾಹ್ನದ ಹೊತ್ತಿಗೆ ಒಳ್ಳೇ ಹುರುಪಿನಲ್ಲಿದ್ದರು. ಆಗ ‘ಅರ್ಧವಾಕ್ಯ’ ಎಂಬ ಗುಪ್ತನಾಮದ ಹಾಡು ಬಂತು. ಮೊದಲು ಅಕಾರ್ಡಿಯನ್ ಸದ್ದು. ಎಲ್ಲೋ ಕೇಳಿದ ಕೈ ಎನ್ನಿಸಿತು. ಆದರೆ ಅಷ್ಟರಲ್ಲಿ ಯಾವಳೋ ಒಬ್ಬಳು ಗಟ್ಟಿ ದನಿಯಲ್ಲಿ “ನನಗಾಸೆ” ಎಂದು ಶುರುಮಾಡಿಯೇಬಿಟ್ಟಳು.

“ನನ್ನನ್ನು!” ಎಂದು ಮೇಷ್ಟ್ರು ಮೇಜು ಗುದ್ದಿದರು.

“ಬೆಳಗಾಗೆದ್ದು ನನಗಾಸೆ—”

“ನನ್ನನ್ನು!”

“ಸಮುದ್ರ ಕಂಡ್ರೆ ನನಗಾಸೆ—”

“ನನ್ನನ್ನು! ನಿಲ್ಸಿ ಅದನ್ನ! ಇದು ಹಾಡಲ್ಲ, ಸಾಂಕ್ರಾಮಿಕ!”

ಯಾರೂ ನಿಲ್ಲಿಸಲಿಲ್ಲ. ಕೋಲ್ಬೇನ್ ಬೆರಳಿನಿಂದ ಮೇಜು ಬಡಿಯುತ್ತ ಕೂತಿದ್ದವನು ಕಣ್ಣರಳಿಸಿದ. “ಬಿರ್ನಾ, ಇನ್ನೊಂದ್ಸಲ ಹಾಕು. ಗ್ರೀಮುರ್, ನೀನು ಹಾಗೇ ಬೈತಾ ಇರು.”

ಹಾಕಿದರು. ಮೇಷ್ಟ್ರು ಬೈದರು.

“ನೋಡಿದ್ರಾ?” ಎಂದ ಕೋಲ್ಬೇನ್. “ಪ್ರತಿ ಸಾಲಿನ ತುದೀಲೂ ಒಂದು ಪೆಟ್ಟಿನಷ್ಟು ಜಾಗ ಖಾಲಿ ಬಿಟ್ಟಿದ್ದಾರೆ. ಯಾಕಪ್ಪಾ ಅಂತಿದ್ದೆ. ಇವನ ‘ನನ್ನನ್ನು’ ಕರೆಕ್ಟಾಗಿ ಅಲ್ಲೇ ಬಂದು ಕೂತ್ಕೊಳ್ಳತ್ತೆ! ಒಂದಿಷ್ಟು ಹಿಂದೆ ಇಲ್ಲ, ಮುಂದೆ ಇಲ್ಲ.”

“ಕಾಕತಾಳೀಯ” ಎಂದರು ಮೇಷ್ಟ್ರು.

“ಕಾಗೆ ಗೊತ್ತಿಲ್ಲ, ತಾಳ ಮಾತ್ರ ಸರಿಯಾಗಿದೆ” ಎಂದ ಕೋಲ್ಬೇನ್. ಅಧ್ಯಕ್ಷೆ ಬಿರ್ನಾ ಕಣ್ಣೊರೆಸಿಕೊಂಡು ನಗುತ್ತಿದ್ದರು. ಮತಕ್ಕೆ ಹಾಕಿದಾಗ ಎಲ್ಲರೂ ಹಾಡಿನ ಪರ, ಮೇಷ್ಟ್ರೊಬ್ಬರೇ ವಿರುದ್ಧ.

ಸಂಜೆ ಮನೆಗೆ ಬಂದವರು ಒಣಮೀನಿಗೆ ಬೆಣ್ಣೆ ಮೆತ್ತುತ್ತ ತಮ್ಮ ಸೋಲಿನ ಕತೆ ಹೇಳಿದರು. ಎದುರಿಗೆ ಸ್ವೆಟರ್ ಹೆಣೆಯುತ್ತಿದ್ದ ರನ್‌ವೇಗ್, “ಅಂದ್ರೆ ಆ ಹಾಡು ಆಯ್ಕೆ ಆಯ್ತಾ?” ಎಂದು ಕೇಳಿ, ಆಯಿತೆಂದ ಕೂಡಲೇ ಎದ್ದು ನಿಂತು ಎರಡು ಹೆಜ್ಜೆ ಕುಣಿದೇಬಿಟ್ಟರು.

“ಏನಾಯ್ತೇ?”

“ಕಾಲು ಜೋಮು ಹಿಡಿದಿತ್ತು.”

ಜೋಮಿನ ಮೂಲ ಯಾವುದೆಂದು ಮೇಷ್ಟ್ರಿಗೆ ತಿಳಿದದ್ದು ಜನವರಿಯಲ್ಲಿ, ಟೀವಿಯಲ್ಲಿ ಹತ್ತು ಹಾಡುಗಳ ಕರ್ತೃಗಳ ಹೆಸರು ಹೊರಬಿದ್ದಾಗ. ‘ನನಗಾಸೆ’: ಸಾಹಿತ್ಯ, ರಾಗ, ಅಕಾರ್ಡಿಯನ್, ಎಲ್ಲವೂ ರನ್‌ವೇಗ್, ಹಲ್ಲಿನ ಡಾಕ್ಟರು, ಅಕ್ರಾನೆಸ್. ಸಮಿತಿಗೆ ಕಳಿಸಿದ ಧ್ವನಿಮುದ್ರಣದಲ್ಲಿ ಮಾತ್ರ ಮೇಳದ ಗೆಳತಿಯೊಬ್ಬಳ ಕೈಲಿ ಹಾಡಿಸಿದ್ದರು. ಮೇಷ್ಟ್ರ ತಟ್ಟೆಯಿಂದ ಆಲೂಗಡ್ಡೆ ಉರುಳಿ ಸೋಫಾದ ಕೆಳಗೆ ಸೇರಿತು.

“ನನ್ನ ಮನೇಲಿ! ನನ್ನ ಮೂಗಿನ ಕೆಳಗೆ! ಚತುರ್ಥಿ!”

“ನಿನ್ನ ಮೂಗಿನ ಕೆಳಗೆ ಬಾಯಿದೆ ಗ್ರೀಮುರ್. ಅದು ಒಂದು ಗಳಿಗೆ ಮುಚ್ಚಿದ್ದಿದ್ರೆ ನಾನು ಯಾಕೆ ಹಾಡು ಕಟ್ತಿದ್ದೆ?”

“ಆ ಖಾಲಿ ಜಾಗ... ನನಗೋಸ್ಕರ ಬಿಟ್ಟಿದ್ದಾ?”

“ಮತ್ತಿನ್ಯಾರಿಗೆ? ಇಷ್ಟು ವರ್ಷ ಸಂಸಾರ ಮಾಡಿದ್ದೀನಿ. ನೀನು ಯಾವಾಗ ಬಾಯಿ ಹಾಕ್ತೀಯ ಅಂತ ನನಗೆ ಗೊತ್ತಿಲ್ವಾ?”

ಪತ್ರಿಕೆಯವರು ಸುಮ್ಮನಿರುತ್ತಾರೆಯೇ? ಸಮಿತಿಯಲ್ಲಿ ಗಂಡ, ಪಟ್ಟಿಯಲ್ಲಿ ಹೆಂಡತಿ. ಇದು ಸ್ವಜನಪಕ್ಷಪಾತವಲ್ಲವೇ ಎಂದು ಕೇಳಿದರು. “ಇಡೀ ಸಮಿತಿಯಲ್ಲಿ ಆ ಹಾಡನ್ನ ವಿರೋಧಿಸಿದ್ದು ಆಕೆ ಗಂಡ ಒಬ್ಬನೇ” ಎಂದು ಬಿರ್ನಾ ಉತ್ತರ ಕೊಟ್ಟರು. ದೇಶಕ್ಕೆ ದೇಶವೇ ನಕ್ಕಿತು. ವಿವಾಹಿತರೆಲ್ಲ ಇದು ಪಕ್ಷಪಾತವಲ್ಲ, ದಾಂಪತ್ಯ ಎಂದು ಒಪ್ಪಿಕೊಂಡರು.

ಹಾಡಿಗೆ ರನ್‌ವೇಗ್ ಸೇರಿ ಮೇಳದ ಹೆಂಗಸರು ಐವರು ಸಿದ್ಧರಾದರು, ಮುಂದೆ ನಿಂತು ಹಾಡುವವರು ರನ್‌ವೇಗ್. ವೇದಿಕೆಯ ಮೇಲೆ ಆರು ಜನಕ್ಕೆ ಅವಕಾಶವಿತ್ತು. ಆರನೆಯವರು ಯಾರು? ಮೇಳದವರು ಒಬ್ಬ ನಟನನ್ನು ಕರೆಸಿ “ನನ್ನನ್ನು” ಎಂದು ಕೂಗಿಸಿ ನೋಡಿದರು. ದನಿ ಚೆನ್ನಾಗಿತ್ತು, ಆದರೆ ಕಿರಿಕಿರಿ ಸಾಲದು.

“ನೀನೇ ಬಾ” ಎಂದರು ರನ್‌ವೇಗ್.

“ನಾನಾ? ಸತ್ತರೂ ಇಲ್ಲ.”

“ಯೋಚನೆ ಮಾಡು. ಇಡೀ ದೇಶ ಟೀವಿ ಮುಂದೆ ಕೂತಿರತ್ತೆ. ಒಂದು ಹಾಡಿನಲ್ಲಿ ಹನ್ನೆರಡು ಸಲ ದ್ವಿತೀಯಾ ವಿಭಕ್ತಿ ಪಾಠ. ಇಷ್ಟು ಮಕ್ಕಳು ನಿನ್ನ ತರಗತೀಲಿ ಯಾವತ್ತಾದ್ರೂ ಎಚ್ಚರವಾಗಿದ್ದಾರಾ?”

ಬಾಣ ಸರಿಯಾಗಿ ನಾಟಿತು. ಮೇಷ್ಟ್ರು ಮೂರು ಸಲ ಮನೆಯೊಳಗೆ ಸುತ್ತಿ ಬಂದು ಕರಾರು ಹಾಕಿದರು. “ಫೈನಲ್ ತನಕ ಹೋದ್ರೆ ಕೊನೇ ಸಾಲು ಶುದ್ಧವಾಗಿ ಹಾಡ್ಬೇಕು. ‘ನನ್ನನ್ನಾಸೆ’ ಅಂತ. ದೇಶದ ಮರ್ಯಾದೆ ಪ್ರಶ್ನೆ.”

ರನ್‌ವೇಗ್ ಹೆಣಿಗೆ ಕೆಳಗಿಟ್ಟರು. “ಸರಿ. ಆದ್ರೆ ಕೊನೇ ಸಾಲಿನಲ್ಲಿ ನೀನು ಬಾಯಿ ಹಾಕ್ಬಾರ್ದು. ನಾನು ಆ ವಾಕ್ಯ ಮುಗಿಸ್ತೀನಿ. ಅದೊಂದನ್ನಾದ್ರೂ ಮುಗಿಸ್ಬೇಕು ನಾನು.”

ಆಕೆಯ ದನಿಯಲ್ಲಿ ತಮಾಷೆಯಿರಲಿಲ್ಲ. ಮೇಷ್ಟ್ರಿಗೂ ಅದು ತಿಳಿಯಿತು.

“ಶುದ್ಧವಾಗಿ ಹಾಡಿದ್ಮೇಲೆ ನಾನ್ಯಾಕೆ ಬಾಯಿ ಹಾಕ್ಲಿ?” ಎಂದರು.

“ಒಂದ್ಸಲ ಅಭ್ಯಾಸ ಮಾಡೋಣ್ವಾ?”

“ಸುಮ್ನಿರೋದಕ್ಕೆ ಅಭ್ಯಾಸ ಬೇರೆ ಬೇಕಾ!”

ಸೆಮಿಫೈನಲಿನ ಶನಿವಾರ ಏನಾಯಿತೆಂದರೆ, ಮೊದಲ “ನನ್ನನ್ನು!” ಮೇಷ್ಟ್ರು ಒಬ್ಬರೇ ಕೂಗಿದರು, ಎರಡನೆಯದಕ್ಕೆ ಮುಂದಿನ ಸಾಲಿನ ಮಕ್ಕಳು ಸೇರಿಕೊಂಡರು, ನಾಲ್ಕನೆಯದರ ಹೊತ್ತಿಗೆ ಸಭಾಂಗಣದ ಚಾವಣಿ ನಡುಗುತ್ತಿತ್ತು. ಹಾಡು ಫೈನಲಿಗೆ ಹೋಯಿತು. ಮರುದಿನ ಊರಿನ ಈಜುಕೊಳದ ಬಿಸಿನೀರಿನ ತೊಟ್ಟಿಗೆ ಮೇಷ್ಟ್ರು ಇಳಿದರೆ, ಕುತ್ತಿಗೆಮಟ್ಟ ಮುಳುಗಿ ಕೂತಿದ್ದ ಊರಿನ ಹಿರಿಯರೆಲ್ಲ ಒಕ್ಕೊರಲಿನಿಂದ “ನನ್ನನ್ನು!” ಎಂದು ಸ್ವಾಗತಿಸಿದರು. ಬೇಕರಿಯ ಹುಡುಗಿ “ನಿನ್ನನ್ನು ಏನಾಸೆ, ಗ್ರೀಮುರ್?” ಎಂದು ಶುದ್ಧವಾಗಿ ಕೇಳಿದಳು. ಮೇಷ್ಟ್ರ ಕಣ್ಣು ಒದ್ದೆಯಾಯಿತು. ಕೈಲಿದ್ದ ಕಾಸಿಗೆಲ್ಲ ಕ್ಲೈನುರ್ ಎಂಬ ಕರಿದ ಸಿಹಿತಿಂಡಿ ಕಟ್ಟಿಸಿಕೊಂಡು ಮನೆಗೆ ತಂದರು.

“ರೋಗ ಇಳೀತಿದೆ ರನ್‌ವೇಗ್! ಇಡೀ ದೇಶ ಗುಣವಾಗ್ತಿದೆ!”

“ನನಗೂ ಹಾಗೇ ಅನ್—”

“ನನ್ನನ್ನು!”

(ಇಲ್ಲಿ ಆಕೆಯ ವಿಭಕ್ತಿ ಸರಿಯಾಗಿಯೇ ಇತ್ತು. ‘ಅನ್ನಿಸುವುದು’ ಆ ಭಾಷೆಯಲ್ಲೂ ಚತುರ್ಥಿಯೇ. ಆಕೆ ಗಂಡನ ಮುಖ ನೋಡಿ, ಕ್ಲೈನುರ್ ಬಾಯಿಗೆ ಹಾಕಿಕೊಂಡರು. ಮೇಷ್ಟ್ರು ಗಮನಿಸಲಿಲ್ಲ.)

ಫೈನಲ್ ಬಂತು. ಬೀದಿಗಳಲ್ಲಿ ನಾಯಿಯೂ ಇರಲಿಲ್ಲ, ದೇಶವೆಲ್ಲ ಟೀವಿ ಮುಂದೆ. ರನ್‌ವೇಗ್ ತಾವೇ ಹೆಣೆದ ಸ್ವೆಟರ್ ತೊಟ್ಟು ಅಕಾರ್ಡಿಯನ್ ಹಿಡಿದು ನಿಂತರು. ಪಕ್ಕದಲ್ಲಿ ಟೈ ಕಟ್ಟಿ, ಬೆತ್ತ ಹಿಡಿದು ಮೇಷ್ಟ್ರು. ಸಾಲು ಸಾಲಿಗೂ ಆಕೆ ಎಳೆದರು, ಇವರು ಕಡಿದರು. ಜನ ಕೂಗಿ ಕೂಗಿ ಗಂಟಲು ಹರಿದುಕೊಂಡರು. ಹನ್ನೊಂದನೆಯ “ನನ್ನನ್ನು” ಮುಗಿಯಿತು.

ವಾದ್ಯಗಳೆಲ್ಲ ನಿಂತವು. ರನ್‌ವೇಗ್ ಗಂಡನ ಕಡೆ ತಿರುಗಿ, ಕಣ್ಣಲ್ಲಿ ಕಣ್ಣಿಟ್ಟು, ಮೆತ್ತಗೆ ಹಾಡಿದರು:

“ನನ್ನನ್ನಾಸೆ—”

ಶುದ್ಧ ದ್ವಿತೀಯಾ. ಪಾಣಿನಿ ಕೇಳಿದ್ದರೂ ತಲೆದೂಗುತ್ತಿದ್ದ. ಆ ಖಾಲಿ ಜಾಗ ಬಂತು. ಸುಮ್ಮನಿರಬೇಕೆಂದು ಮೇಷ್ಟ್ರ ತಲೆಗೆ ಗೊತ್ತಿತ್ತು. ಆದರೆ ಬಾಯಿ ಎಂದಾದರೂ ತಲೆಯ ಅಪ್ಪಣೆ ಕೇಳಿದ್ದುಂಟೇ? ಹೆಂಡತಿ ಏನೋ ಅಂದಳು, ಅಂದಮೇಲೆ ಅದು ತಪ್ಪಿರಲೇಬೇಕು.

“ನನಗೆ!” ಎಂದು ಬೆತ್ತ ಎತ್ತಿ ಗರ್ಜಿಸಿದರು.

ಒಂದು ಕ್ಷಣ ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ರನ್‌ವೇಗ್ ಬಾಯಲ್ಲಿ ಮುಂದಿನ ಪದ ಹಾಗೇ ನಿಂತಿತ್ತು, ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಮೇಷ್ಟ್ರಿಗೆ ಜೀವಮಾನದಲ್ಲಿ ಆಗದ ನಾಚಿಕೆಯಾಯಿತು. ವಿಭಕ್ತಿ ತಪ್ಪಿದ್ದಕ್ಕಲ್ಲ. ತಾವು ಇಷ್ಟು ವರ್ಷ ತಿದ್ದುತ್ತ ಬಂದದ್ದು ವ್ಯಾಕರಣವನ್ನಲ್ಲ, ಇವಳನ್ನು ಎಂಬುದು ಅಷ್ಟು ದೀಪಗಳ ಬೆಳಕಿನಲ್ಲಿ ಅವರಿಗೇ ಕಂಡುಬಿಟ್ಟಿತು. ಅಷ್ಟರಲ್ಲಿ ಜನರಿಗೂ ತಿಳಿಯಿತು. ನಗೆಯ ಅಬ್ಬರ ಎಷ್ಟಿತ್ತೆಂದರೆ ಮುಂದಿನ ಪದ ಹಾಡಲು ರನ್‌ವೇಗ್‌ಗೆ ಆಗಲೇ ಇಲ್ಲ. ಕೊನೆಗೆ ಆಕೆಯೂ ಅಕಾರ್ಡಿಯನ್ ಮೇಲೆ ತಲೆಯಿಟ್ಟು ನಗತೊಡಗಿದರು.

ಫೋನಿನಲ್ಲಿ ಮತಗಳು ಸುರಿದವು. ‘ನನಗಾಸೆ’ ಗೆದ್ದಿತು. “ಇದೇ ರೂಪದಲ್ಲಿ ಯುರೋಪಿಗೆ ಹೋಗಬೇಕು. ಕೊನೆಯ ಆ ‘ನನಗೆ’ ಒಂದಕ್ಷರವೂ ಬದಲಾಗಕೂಡದು” ಎಂದು ಬಿರ್ನಾ ವೇದಿಕೆಯಲ್ಲೇ ಘೋಷಿಸಿದರು. ಹೀಗೆ ಐಸ್‌ಲ್ಯಾಂಡಿನ ವ್ಯಾಕರಣದ ಕಾವಲುಗಾರರು ಭೂಖಂಡದ ಮುಂದೆ ಚತುರ್ಥೀ ರೋಗಿಯಾಗಿ ನಿಲ್ಲುವುದು ಖಾಯಂ ಆಯಿತು.

ಭಾನುವಾರ ಬೆಳಿಗ್ಗೆ ಇಬ್ಬರೂ ಅಡಿಗೆಮನೆಯಲ್ಲಿ ಕೂತಿದ್ದರು. ಹೊರಗೆ ಹಿಮದಲ್ಲಿ ಆಡುತ್ತಿದ್ದ ಮಕ್ಕಳು ಕಿಟಕಿಯತ್ತ ನೋಡಿ “ನನಗೆ! ನನಗೆ!” ಎಂದು ಕೂಗಿ ಓಡಿದವು.

“ಆ ಕೊನೇ ಸಾಲು” ಎಂದರು ಮೇಷ್ಟ್ರು, ಮೇಜಿನ ಮೇಲಿದ್ದ ಚಮಚೆ ನೋಡುತ್ತ. “ಅದರಲ್ಲಿ ಮುಂದೆ ಏನು ಹೇಳೋದಿತ್ತು ನೀನು?”

ರನ್‌ವೇಗ್ ಹಣೆ ತಟ್ಟಿಕೊಂಡರು. “ಥತ್, ಮರ್ತೇ ಹೋಯ್ತು.” ಆಮೇಲೆ ಕುರ್ಚಿಗೆ ಒರಗಿ, ಕಾಲು ಚಾಚಿ ಹೇಳಿದರು: “ಆದ್ರೆ ಈಗ ನನಗಾಸೆ—”

ಅಭ್ಯಾಸಬಲದಿಂದ ಒಂದು ಪೆಟ್ಟಿನಷ್ಟು ಜಾಗ ಬಿಟ್ಟು ಕಾದರು. ಮೇಷ್ಟ್ರ ಬಾಯಿ ತೆರೆದಿತ್ತು. ಮಾತು ಬರಲಿಲ್ಲ.

“—ನೀನು ಎದ್ದು, ನಿನ್ನ ಕೈಯಾರೆ, ನನಗೊಂದು ಬಿಸಿ ಕಾಫಿ ಮಾಡ್ಕೊಡ್ಬೇಕು ಅಂತ.”

ಮೇಷ್ಟ್ರು ಬಾಯಿ ಮುಚ್ಚಿಕೊಂಡು ಎದ್ದು, ಕಾಫಿಪುಡಿ ಯಾವ ಡಬ್ಬಿಯಲ್ಲಿದೆ ಎಂದು ಹುಡುಕತೊಡಗಿದರು.