ಬೇಸ್‌ಮೆಂಟಿನ ನೌಕಾಪಡೆ

ನನ್ನ ತಂಗಿಯ ಗಂಡ ಜಗತ್ತಿನ ನೌಕಾಪಡೆಗಳನ್ನೆಲ್ಲ ಕೆನಡಾದ ಮಾಲ್ಟನ್ನಿನಲ್ಲಿರುವ ಮಗನ ಮನೆಯ ಬೇಸ್‌ಮೆಂಟಿನಿಂದಲೇ ನಡೆಸುತ್ತಾರೆ ಎಂದರೆ ನೀವು ನಂಬುವುದಿಲ್ಲ. ಪಾಪ, ನೌಕಾಪಡೆಗಳಿಗೂ ಈ ವಿಷಯ ಇನ್ನೂ ತಿಳಿದಿಲ್ಲ! ಅಣುಶಕ್ತಿಯ ದಾಳಿ ಜಲಾಂತರ್ಗಾಮಿಗಳನ್ನು ಯಾವಾಗ ನಿವೃತ್ತಿಗೊಳಿಸಬೇಕು, ಅವುಗಳ ಜಾಗಕ್ಕೆ ಹೊಸ ವರ್ಗವನ್ನು ಯಾವಾಗ ಕಟ್ಟತೊಡಗಬೇಕು, ಸದಾ ಇದೇ ಧ್ಯಾನ. ಬ್ಯಾಟರಿ ಮುಗಿಯುತ್ತ ಬಂದಿರುವ ತಮ್ಮ ಎದೆಯ ಪೇಸ್‌ಮೇಕರನ್ನು ಬದಲಿಸಲು ಮಾತ್ರ ಪುರುಸೊತ್ತಿಲ್ಲ.

ಬೆಂಗಳೂರಿನ ಕಾರ್ಖಾನೆಯಲ್ಲಿ ಹಳೆಯ ಯಂತ್ರಗಳ ಬದಲಾವಣೆ ಯೋಜಿಸುತ್ತಿದ್ದವರು. ಆ ಚಟ ಬಿಟ್ಟೀತೇ? ಕಿರುಕಿಟಕಿಯಾಚೆ ಹಿಮ ತೇಲಿ ಇಳಿಯುವಾಗ, "ಸಮುದ್ರದ ಆಳದಲ್ಲೂ ಹೀಗೇ ಬೀಳುತ್ತಂತೆ ಭಾವಾ" ಎಂದು ಕಣ್ಣು ಮುಚ್ಚುತ್ತಾರೆ. (ನಾವಿಬ್ಬರೂ ಒಬ್ಬರಿಗೊಬ್ಬರು ಭಾವ.) ವಿಮಾನ ಮನೆಯ ಮೇಲೆ ಗುಡುಗಿದರೆ, "ಶ್! ಮೇಲೆ ಹಡಗು!" ಹಾಸಿಗೆ ಮಡಿಸದೆ ಕಾಫಿ ಮುಟ್ಟದ ಶಿಸ್ತಿನವನಾದ ನಾನೂ ಅರೆಗಳಿಗೆ ಉಸಿರು ಬಿಗಿಹಿಡಿಯುತ್ತೇನೆ!

ಕಣ್ಣು ಮಂಜಾಗಿರುವ ನನ್ನ ತಂಗಿ ಮೇಲಿನಿಂದ ಕೂಗುತ್ತಾಳೆ: "ಹಡಗೂ ಇಲ್ಲ, ಗಿಡಗೂ ಇಲ್ಲ. ಕಾಫಿ ಆರ್ತಿದೆ!"

ಮೊಮ್ಮಗಳು ಒಮ್ಮೆ ನೇರವಾಗಿಯೇ ಹೇಳಿದಳು: "ತಾತಾ, ಕೆನಡಾ ಡಸಂಟ್ ಈವನ್ ಹ್ಯಾವ್ ಒನ್ ನ್ಯೂಕ್ಲಿಯರ್ ಸಬ್‌ಮರೀನ್!"

"ಒಳ್ಳೇದೇ ಆಯ್ತು ಪುಟ್ಟಿ. ಹಳೇದನ್ನ ಎಲ್ಲಿಡೋದು ಅನ್ನೋ ತಲೆನೋವಿಲ್ಲ!"

ಕೆನಡಾಕ್ಕೆ ನೂರೈವತ್ತು ತುಂಬಿದ ವರ್ಷ ಡಾಕ್ಟರು ಆಪರೇಷನ್ನಿಗೆ ಕೊಟ್ಟ ದಿನವನ್ನು ಭಾವ ಮತ್ತೆ ಮುಂದೂಡಿದರು. ನನಗೆ ರೇಗಿತು.

"ಇಂಧನ ಮುಗಿಯೋ ಮುಂಚೆ ಬದಲಾಯಿಸಿ ಅಂತ ಊರಿಗೆಲ್ಲ ಹೇಳ್ತೀರಿ. ನಿಮ್ಮದು?"

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಒಂದು ಸಬ್‌ಮರೀನು ರಿಪೇರಿಗೆ ಬಂದ್ರೆ ಇನ್ನೊಂದು ಕಾವಲಿಗಿರ್ಬೇಕು ಭಾವಾ. ಇಲ್ಲಿರೋದು ಒಂದೇ. ಮಗ ನನ್ನ ಜೊತೆ ಬರ್ತಾನೆ, ಸೊಸೆ ಶಿಫ್ಟಲ್ಲಿ. ಇವಳ ಜೊತೆ ಯಾರು?"

ಇಷ್ಟು ದಿನ ನನಗೇಕೆ ಹೊಳೆಯಲಿಲ್ಲ! "ನಾನಿದ್ದೀನಲ್ರೀ. ಡಾಕ್ಟರಿಗೆ ಫೋನು ಮಾಡಿ" ಎಂದೆ.

ಆಪರೇಷನ್ನಿನ ಹಿಂದಿನ ದಿನವೇ ವುಡ್‌ಬ್ರಿಡ್ಜಿನ ನನ್ನ ಮನೆಯಿಂದ ಪೆಟ್ಟಿಗೆ ಸಮೇತ ಬಂದಿಳಿದೆ. ಬೆಳಿಗ್ಗೆ ಹೊರಡುವಾಗ ಭಾವ ನನ್ನ ಕಿವಿಯಲ್ಲಿ ಹೇಳಿದರು: "ಮೆಟ್ಟಿಲಲ್ಲಿ ಕೈ ಹಿಡೀಬೇಡಿ, ಅವಳಿಗೆ ಸಿಟ್ಟು ಬರುತ್ತೆ. ಒಂದು ಮೆಟ್ಟಿಲು ಕೆಳಗೆ ನಿಂತು ಸುಮ್ನೆ ಕೆಮ್ಮಿ. ಮೆಟ್ಟಿಲು ಎಲ್ಲಿದೆ ಅಂತ ಅವಳಿಗೆ ಗೊತ್ತಾಗುತ್ತೆ, ಅಷ್ಟು ಸಾಕು."

ಮಧ್ಯಾಹ್ನ ಮಗನ ಫೋನು ಬಂತು. ಎಲ್ಲ ಸುಸೂತ್ರ, ಸಂಜೆಗೆ ಮನೆಗೆ. ತಂಗಿ ಗಂಡನ ಹಾಸಿಗೆ ಸರಿಮಾಡಲು ಬೇಸ್‌ಮೆಂಟಿಗೆ ಹೊರಟಳು. ನಾನು ಶಿಸ್ತಾಗಿ ಒಂದು ಮೆಟ್ಟಿಲು ಕೆಳಗೆ ನಿಂತು ಕೆಮ್ಮಿದೆ.

ಅವಳು ಗೋಡೆ ಸವರುತ್ತ ನಕ್ಕಳು.

"ಅಷ್ಟು ಜೋರಾಗಿ ಬೇಡ ಅಣ್ಣ. ಅವರು ಕೆಮ್ಮಿದ್ರೆ ನನಗೊಬ್ಬಳಿಗೇ ಕೇಳುತ್ತೆ."