ಮಾವನ ಬಾಣಗಳು, ಮಾವನ ಬೆಂಚುಗಳು

ನನ್ನ ಸೋದರಮಾವನ ತಲೆಯೊಳಗೆ ಒಂದು ಇಡೀ ನಗರವಿದೆ ಎಂದರೆ ನೀವು ನಂಬಲಿಕ್ಕಿಲ್ಲ. ಅಗಲ ರಸ್ತೆ, ಸಾಲುಮರ, ಎಲ್ಲಿ ನಡೆಯಬೇಕು, ಎಲ್ಲಿ ಉಗುಳಬಾರದು, ಎಲ್ಲವೂ ಅಚ್ಚುಕಟ್ಟು! ತೊಂದರೆ ಏನೆಂದರೆ, ಮಾವ ಇರುವುದು ಮಾತ್ರ ಹೆದ್ದಾರಿ ಬದಿಯ ನಮ್ಮ ಪುಟ್ಟ ಊರು ಬಂದ್ಯೋಡಿನಲ್ಲಿ.

ಗಲ್ಫಿನ ನಗರಸಭೆಯೊಂದರಲ್ಲಿ ನಕ್ಷೆ ಬರೆಯುತ್ತಿದ್ದವರು ಅವರು. ನಿವೃತ್ತರಾಗಿ ಬಂದವರು ಉಳಿದವರಂತೆ ಅತ್ತರಿನ ಶೀಶೆ, ಖರ್ಜೂರ ಹಂಚಿ ಸುಮ್ಮನಿರಬಾರದೇ? ಇವರು ಹೊತ್ತು ತಂದದ್ದು ನಗರಯೋಜನೆ! ಬಂದ ವಾರವೇ ಮನೆಯನ್ನು ವಲಯಗಳಾಗಿ ವಿಂಗಡಿಸಿದರು. ಚಾವಡಿ ಸಾರ್ವಜನಿಕ ವಲಯ, ಅಡುಗೆಮನೆ ಕೈಗಾರಿಕಾ ವಲಯ. ಅತ್ತೆ ಚಾವಡಿಯಲ್ಲಿ ಕೂತು ಹಲಸಿನಹಣ್ಣು ಕೊಯ್ದದ್ದು ಅಕ್ರಮವಂತೆ.

"ಹಾಗಾದ್ರೆ ಚಾವಡಿಗೆ ಚಹಾವೂ ಬರುದಿಲ್ಲ. ಕಾರ್ಖಾನೆಗೇ ಬಂದು ಕುಡೀರಿ" ಎಂದರು ಅತ್ತೆ. ಸಂಜೆಯೊಳಗೆ ವಲಯಗಳೆಲ್ಲ ರದ್ದು!

ಆಮೇಲೆ ಅಂಗಳದ ತುಳಸಿಕಟ್ಟೆ ಅವರ ಕಣ್ಣಿಗೆ ಬಿತ್ತು. ಬಂದ ವಾಹನಗಳು ಅದನ್ನು ಸುತ್ತಿಯೇ ಹೋಗಬೇಕೆಂದು ನೆಲದಲ್ಲಿ ಬಿಳಿ ಬಾಣ ಬರೆದರು. ಗಲ್ಫಿನಲ್ಲಿ ವಾಹನ ಓಡುವುದು ರಸ್ತೆಯ ಬಲಗಡೆ, ವೃತ್ತವನ್ನು ಸುತ್ತುವುದು ಎಡಕ್ಕಿಟ್ಟುಕೊಂಡು. ಆ ಅಭ್ಯಾಸದ ಕೈ ಇಲ್ಲೂ ಹಾಗೆಯೇ ಬರೆಯಿತು. ಗ್ಯಾಸ್ ತಂದ ಆಟೋದವನು ಪಾಪ, ಬಾಣ ನೋಡಿಕೊಂಡೇ ಸುತ್ತಿದ.

"ಅಯ್ಯೋ, ಅಪ್ರದಕ್ಷಿಣೆ! ನನ್ನ ತುಳಸಿಗೆ ಆಟೋದಲ್ಲಿ ಅಪ್ರದಕ್ಷಿಣೆ!" ಎಂದು ಅತ್ತೆ ಸೌಟು ಹಿಡಿದೇ ಓಡಿಬಂದರು.

ಮಾವ ಬಾಣ ನೋಡಿ ಹಣೆ ಬಡಿದುಕೊಂಡರು. "ನೀನು ಹೇಳಿದ್ದು ಸರಿ ಮಾರಾಯ್ತಿ! ನಮ್ಮಲ್ಲಿ ಓಡುವುದು ಎಡಗಡೆ. ಟ್ರಾಫಿಕ್ಕಿಗೂ ಶಾಸ್ತ್ರಕ್ಕೂ ಒಂದೇ ದಿಕ್ಕು!" ಬಾಣಗಳು ತಿರುಗಿದವು. ಈಗ ನಮ್ಮೂರಿನ ಗ್ಯಾಸಿನವನಿಗೆ ಸಿಲಿಂಡರಿನ ದುಡ್ಡಿನ ಜೊತೆ ಪುಣ್ಯವೂ ಸಿಗುತ್ತಿದೆ.

ಅಷ್ಟರಲ್ಲಿ ಹೆದ್ದಾರಿ ಅಗಲವಾಗಿ ನಡುವೆ ಗೋಡೆ ಎದ್ದಿತು. ಆಚೆ ಬದಿಯ ಐಸಮ್ಮ ನಮ್ಮ ಅತ್ತೆಯ ಶಾಲೆಯ ದಿನಗಳ ಗೆಳತಿ. ಸಂಜೆಯಾದರೆ ಇವರು ಅಲ್ಲಿ, ಇಲ್ಲವೇ ಅವರು ಇಲ್ಲಿ. ಈಗ ದಾಟಬೇಕಾದರೆ ದೂರದ ಅಂಡರ್‌ಪಾಸಿಗೆ ನಡೆಯಬೇಕು, ಅತ್ತೆಯ ಮೊಣಕಾಲು ಒಪ್ಪುವುದಿಲ್ಲ. ಐಸಮ್ಮನಿಗೂ ಇಲ್ಲಿಯವರೆಗೆ ನಡೆದು ಬರಲಾಗದು. ಆಟೋ ಮಾಡೋಣವೆಂದರೆ "ಪಟ್ಟಾಂಗ ಹೊಡೀಲಿಕ್ಕೆ ಆಟೋವಾ?" ಎನ್ನುತ್ತಾರೆ. ಫೋನಿನಲ್ಲಿ ಇಬ್ಬರೂ "ಮತ್ತೆಂತ?" "ಎಂತ ಇಲ್ಲ" ಎಂದು ಇಟ್ಟುಬಿಡುತ್ತಿದ್ದರು. ಅಷ್ಟು ಮಾತಿನ ಅತ್ತೆ ಸಂಜೆ ಮಂಕಾಗಿ ಕೂರುವುದನ್ನು ನೋಡಿ, ಪಕ್ಕದ ಮನೆಯಲ್ಲಿರುವ ನನಗೇ ಸಂಕಟವಾಗುತ್ತಿತ್ತು.

ಮಾವನಿಗೆ ಮಾತ್ರ ಆಗಲೇ ಬೆಂಚಿನ ಹುಚ್ಚು ಹಿಡಿಯಬೇಕೇ! ನೆರೆಯವರನ್ನೆಲ್ಲ ಕಾಡಿ ಬೇಡಿ, ಅವರವರ ಗೇಟಿನ ಬದಿಯಲ್ಲಿ ಜಾಗ ಪಡೆದರು. ಮೊದಲನೆಯದು ಗಲ್ಫ್ ಮಾದರಿಯ ಕಬ್ಬಿಣದ ಬೆಂಚು. ನಡುಮಧ್ಯಾಹ್ನ ನಮ್ಮೆದುರು ಗತ್ತಿನಿಂದ ಕೂತರು. ಕೂತದ್ದಕ್ಕಿಂತ ಬೇಗ ಎದ್ದರು!

"ಅಲ್ಲಿ ಹಗಲು ಯಾರೂ ಹೊರಗೆ ಕೂರುದಿಲ್ಲ, ಮರೆತೇಹೋಯ್ತು" ಎಂದರು ಪಂಚೆ ಸರಿಮಾಡುತ್ತಾ.

ಹಾಗೆ ಕಬ್ಬಿಣ ಹೋಗಿ, ಮರದ ನೆರಳಿನಲ್ಲಿ ನಮ್ಮೂರಿನ ಕೆಂಪುಕಲ್ಲು ಬಂತು. ಆದರೆ ಇಷ್ಟು ಹತ್ತಿರ ಹತ್ತಿರ ಬೆಂಚು ಯಾಕೆ? "ಬಂದ್ಯೋಡಿನವರು ನಡೆಯುದುಂಟಾ, ಕೂತೇ ಇರುದಾ?" ಎಂದು ಜನ ನಕ್ಕರು. "ಅದಕ್ಕೆ ಅಳತೆ ಉಂಟು" ಎಂದಷ್ಟೇ ಹೇಳಿ ಮಾವ ಮುಂದಿನ ಬೆಂಚಿಗೆ ಗುರುತು ಹಾಕಿದರು.

ಒಂದು ಸಂಜೆ "ಬೆಂಚು ನೋಡ್ಲಿಕ್ಕೆ ಬಾ" ಎಂದು ಅತ್ತೆಯನ್ನು ಹೊರಡಿಸಿದರು. ನಾನೂ ಹೋದೆ. ಅತ್ತೆಯ ಕಾಲು ಇನ್ನಾಗದು ಎಂದಲ್ಲಿ ಒಂದು ಬೆಂಚು. ಕೂತು, ಸುಧಾರಿಸಿ, ಎದ್ದು ನಡೆದು ಮತ್ತೆ ಸೋತಲ್ಲಿ ಇನ್ನೊಂದು!

"ಇದು ಯಾವ ದೇಶದ ಅಳತೆ ಮಾವ?" ಎಂದೆ.

"ಅಲ್ಲಿಯ ಅಳತೆ ಇಲ್ಲಿಗೆ ಆಗುದಿಲ್ಲ. ಇವಳು ಬಾವಿಯಿಂದ ಗೇಟಿಗೆ ಹೋಗುವಾಗ ಮೊಣಕಾಲು ಹಿಡಿದು ನಿಲ್ತಾಳಲ್ಲ, ಅಷ್ಟೇ ದೂರ."

ಅಂಡರ್‌ಪಾಸಿನ ಬಳಿಯ ಕೊನೆಯ ಬೆಂಚಿನಲ್ಲಿ, ಮಾವ ಮೊದಲೇ ಹೇಳಿಕಳಿಸಿದ್ದ ಐಸಮ್ಮ ಕೂತಿದ್ದರು. "ಎಂತ, ಗಲ್ಫಿಂದ ನಡ್ಕೊಂಡು ಬಂದದ್ದಾ? ಎಷ್ಟು ತಡ!" ಅತ್ತೆ ನಗುತ್ತಲೇ ಅತ್ತುಬಿಟ್ಟರು. ನನಗೂ ತಡೆಯಲಾಗಲಿಲ್ಲ. ಈ ಹುಚ್ಚು ಮಾವನ ಮೇಲೆ ಅಷ್ಟು ಪ್ರೀತಿ ನನಗೆ ಎಂದೂ ಬಂದಿರಲಿಲ್ಲ. ಕಣ್ಣೊರೆಸಿಕೊಂಡು ಗೆಳತಿಯರ ಪಕ್ಕ ಕೂರಹೋದೆ.

"ಏಳು, ಏಳು!" ಮಾವ ಗದರಿದರು. "ಅದು ಅವರಿಬ್ಬರಿಗೇ ಅಳೆದು ಮಾಡಿಸಿದ್ದು."