ನಲವತ್ತೇಳನೇ ಪುಟದ ಕಲ್ಲು

ಎಲ್ಲ ರಗಳೆಗೂ ಮೂಲ ನಲವತ್ತೇಳನೇ ಪುಟದ ಅಡಿಟಿಪ್ಪಣಿ. ಹರ್ಬರ್ಟ್ ಕಟ್ಲ್ಯಾಕ್ ಮೂವತ್ತು ವರ್ಷ ಕೂತು ಬರೆದ, ಜೌಗು ನಾಡಿನ ನಮ್ಮ ಟೆಡ್ನಿ ಊರಿನ ಚರಿತ್ರೆ ಅಚ್ಚಾಗಿ ಬಂದು ನಾಲ್ಕು ದಿನವಾಗಿತ್ತು. ಇನ್ನೂರು ಪ್ರತಿಗಳಲ್ಲಿ ಒಂದು, ಶನಿವಾರ ಬೆಳಿಗ್ಗೆ ಅವನ ಪಕ್ಕದ ಮನೆಯ ಡಲ್ಸಿ ಪೇಟ್ ಕೈಗೆ ಸಿಕ್ಕಿತು. ಟಿಪ್ಪಣಿ ಹೀಗಿತ್ತು: “ಸುಸಾನಾ ಫೋವಾರ್ಗ್‌ಳ ಗೋರಿಕಲ್ಲನ್ನು ಪೇಟ್ ಮನೆತನದವರು ಕದ್ದು ತಮ್ಮ ಹಂದಿಗೂಡಿಗೆ ಹಾಸಿಕೊಂಡರೆಂದು ತಿಳಿದುಬರುತ್ತದೆ.”

ಸುಸಾನಾ ಅಂದರೆ ನಮ್ಮೂರಿಗೆ ಕೈಮುಗಿಯುವ ಹೆಸರು. 1841ರಲ್ಲಿ ನದಿಯ ಏರಿ ಒಡೆದು ಕಪ್ಪು ಹೊಲಗಳೆಲ್ಲ ಒಂದೇ ರಾತ್ರಿಯಲ್ಲಿ ಸಮುದ್ರವಾದಾಗ, ಮಂಜಿನಲ್ಲಿ ದಿಕ್ಕು ತಪ್ಪಿದ ದೋಣಿಗಳಿಗೆ ಊರು ಎಲ್ಲಿದೆ ಎಂದು ತಿಳಿಯಲೆಂದು ಚರ್ಚಿನ ಗೋಪುರ ಹತ್ತಿ ಮೂರು ಹಗಲು ಮೂರು ರಾತ್ರಿ ಗಂಟೆ ಬಾರಿಸಿದವಳು ಅವಳು. ಆ ಸದ್ದಿನ ಜಾಡು ಹಿಡಿದು ಬಂದವರ ಮೊಮ್ಮಕ್ಕಳು ಮರಿಮಕ್ಕಳೇ ಇವತ್ತಿನ ಟೆಡ್ನಿ. ಅವಳು ಹಗ್ಗ ಹಿಡಿದಂತೆಯೇ ಪ್ರಾಣ ಬಿಟ್ಟಳೆಂದು ಹರ್ಬರ್ಟ್ ಬರೆದ ಅಧ್ಯಾಯ ಓದಿ ನಮ್ಮ ಪಾದ್ರಿಗಳು ಕಣ್ಣೊರೆಸಿಕೊಂಡಿದ್ದರು. ಗೋರಿ ಮಾತ್ರ ಯಾರಿಗೂ ಸಿಕ್ಕಿರಲಿಲ್ಲ.

ಅವತ್ತೇ ಮಧ್ಯಾಹ್ನ ಮೂರಕ್ಕೆ ಸುಸಾನಾಳ ವಂಶದ ರೋವೀನಾ ಬ್ರಾಕ್ ಎಂಬಾಕೆ ಕೆನಡಾದಿಂದ ಬರುವವಳಿದ್ದಳು. “ಸುಸಾನಾಳ ಕಲ್ಲು ನೋಡಬೇಕು” ಎಂದು ಆಕೆ ಬರೆದಿದ್ದಕ್ಕೆ ಹರ್ಬರ್ಟ್, “ಧಾರಾಳವಾಗಿ ಬನ್ನಿ, ತೋರಿಸುತ್ತೇನೆ” ಎಂದು ಉತ್ತರ ಹಾಕಿಬಿಟ್ಟಿದ್ದ. ಕಲ್ಲು ಸಿಗದಿದ್ದರೆ ಮೂವತ್ತು ವರ್ಷದ ಮರ್ಯಾದೆ ಮಣ್ಣುಪಾಲು.

ಡಲ್ಸಿ ಪುಸ್ತಕ ಹಿಡಿದುಕೊಂಡೇ ಬಂದಳು. ಅವಳ ಹಿಂದೆ ಗೋರಿ ತೋಡುವ ಲೆನ್ ಫೀರಿ, ಹೆಗಲ ಮೇಲೆ ಹಾರೆ. ಅವನ ಹಿಂದೆ ನಾವು ಬೀದಿಯವರೆಲ್ಲ.

“ಏನಯ್ಯ ಹರ್ಬರ್ಟ್, ನಮ್ಮಜ್ಜ ಕಳ್ಳನಾ?”

“ನಾನು ಹೇಳಿದ್ದಲ್ಲ ಡಲ್ಸಿ, ಚರಿತ್ರೆ ಹೇಳಿದ್ದು.”

“ಚರಿತ್ರೆಗೆ ಯಾರು ಹೇಳಿದ್ದು?”

“ನಮ್ಮ ತಾತ.”

“ಸರಿ ಬಾ. ನಿಮ್ಮ ತಾತ ಹೇಳಿದ್ದನ್ನ ನಮ್ಮ ಹಂದಿಗಳನ್ನೇ ಕೇಳೋಣ.”

ನಮ್ಮ ಕಡೆ ನೆಲ ಅಗೆದರೆ ಸಿಗುವುದು ಕಪ್ಪು ಮಣ್ಣು. ನೇಗಿಲಿಗೆ ಏನಾದರೂ ಗಟ್ಟಿಯಾಗಿ ತಗುಲಿದರೆ ಅದು ಐದು ಸಾವಿರ ವರ್ಷ ಹೂತುಹೋಗಿದ್ದ ಓಕ್ ಮರ. ಕಲ್ಲೆಂಬುದು ಮಾತ್ರ ಹುಡುಕಿದರೂ ಇಲ್ಲ. ಗೋರಿಕಲ್ಲೊಂದು ಬೇಕೆಂದರೂ ದೂರದ ಗಣಿಯಿಂದ ದೋಣಿಯಲ್ಲಿ ಬರಬೇಕು. ಹಾಗಾಗಿ ಸತ್ತವರನ್ನು ನೆನೆಯುವವರು ಇಲ್ಲವಾದ ಮೇಲೆ ಅವರ ಕಲ್ಲು ಮೆಲ್ಲಗೆ ಮಗ್ಗುಲು ಬದಲಿಸಿ ಬದುಕಿದ್ದವರ ಮನೆಗೆ ಮೆಟ್ಟಿಲಾಗಿ ಬರುತ್ತಿತ್ತು. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಹಂದಿಗಳನ್ನು ಹೊರಗೆ ಅಟ್ಟಿ ಲೆನ್ ಹಾರೆ ಹಾಕಿ ಮೀಟಿದ. ಕಲ್ಲು ಮಗುಚಿತು. ಡಲ್ಸಿ ಒಂದು ಬಕೆಟ್ ನೀರು ಸುರಿದಳು. ನಾವೆಲ್ಲ ಬಗ್ಗಿ ನೋಡಿದೆವು. ಚರ್ಚಿನ ಅಂಗಳದಲ್ಲಿ ನಿಂತ ಕಲ್ಲುಗಳ ಅಕ್ಷರವನ್ನು ಗಾಳಿ ಎಂದೋ ನೆಕ್ಕಿಹಾಕಿದೆ. ಇದು ನಿನ್ನೆ ಕೆತ್ತಿದ ಹಾಗಿತ್ತು. ಉಳಿಯ ಗೆರೆ ಕೂಡ ಕಾಣುತ್ತಿತ್ತು. ಲೆನ್ ತನಗೆ ತಿಳಿಯದಂತೆಯೇ ಟೋಪಿ ತೆಗೆದ.

ಕಲ್ಲಿನ ಮೇಲೆ ಇದ್ದದ್ದು: “ಅಬ್ರಹಾಂ ಕಟ್ಲ್ಯಾಕ್, ಹಾವುಮೀನು ಹಿಡಿಯುವವನು.”

ಹರ್ಬರ್ಟನ ಮುತ್ತಜ್ಜ. ಅವನ ಗೋರಿಗಾಗಿ ಹರ್ಬರ್ಟ್ ಮೂವತ್ತು ವರ್ಷ ಮೂರು ಊರು ಅಲೆದಿದ್ದ.

“ನೂರು ವರ್ಷದಿಂದ ಇವರ ಮೇಲೆ ನಮ್ಮ ಹಂದಿ ಮಲಗಿವೆ,” ಎಂದಳು ಡಲ್ಸಿ ತಗ್ಗಿದ ದನಿಯಲ್ಲಿ. “ತಪ್ಪಾಯ್ತಪ್ಪ.”

ಹರ್ಬರ್ಟನಿಗೆ ಅಳು ಬಂದಿತ್ತು, ಆದರೂ ಪಟ್ಟು ಬಿಡಲಿಲ್ಲ. “ಕದ್ದಿದ್ದು ಕದ್ದಿದ್ದೇ. ಇದನ್ನ ಕದ್ದವರು ಅದನ್ನ ಬಿಟ್ಟಿರ್ತಾರಾ?”

“ಓಹೋ. ಊರಲ್ಲಿ ಕದ್ದವರು ನಾವೊಬ್ಬರೇನಾ?” ಎಂದು ಡಲ್ಸಿ ಗುಂಪಿನ ಕಡೆ ತಿರುಗಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಲ್ಲಿದ್ದವರೆಲ್ಲ ಒಮ್ಮೆ ತಮ್ಮ ತಮ್ಮ ಮನೆಯ ಬಾಗಿಲ ಕಡೆ ನೋಡಿದರು.

ಆಮೇಲೆ ಲೆನ್‌ನ ಹಾರೆಗೆ ಬಿಡುವಿರಲಿಲ್ಲ. ಅಂಚೆ ಕಚೇರಿಯ ಮೆಟ್ಟಿಲಡಿ ಒಬ್ಬ ಸೂಲಗಿತ್ತಿ ಸಿಕ್ಕಳು. ಹೆಂಡದಂಗಡಿಯ ಹೊಸ್ತಿಲಡಿ, ಜೀವಮಾನದಲ್ಲಿ ಕುಡಿತದ ವಿರುದ್ಧವೇ ಬೋಧಿಸಿದ ಪಾದ್ರಿ. ಒಂದೊಂದು ಕಲ್ಲು ಮಗುಚಿದಾಗಲೂ ಗದ್ದಲ ತಟ್ಟನೆ ನಿಲ್ಲುತ್ತಿತ್ತು. ಯಾರೋ ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದರು, ಹಾಜರಿ ಕರೆದ ಹಾಗೆ. ದಿನಕ್ಕೆ ಹತ್ತು ಸಲ ತುಳಿದ ಜಾಗದಲ್ಲಿ ಇಷ್ಟು ಜನ ಉಸಿರೆತ್ತದೆ ಮಲಗಿದ್ದರಲ್ಲ ಎಂದು ನನಗೆ ಮೈ ಜುಮ್ಮೆಂದಿತು. ಎರಡೂವರೆಗೆ ಬೀದಿಯಲ್ಲಿ ಒಂದು ಮನೆ ಬಿಟ್ಟು ಇನ್ನಾವುದಕ್ಕೂ ಮೆಟ್ಟಿಲಿರಲಿಲ್ಲ. ಜನ ಸ್ಟೂಲು, ಬಕೆಟ್ಟು ಇಟ್ಟು ಹತ್ತಿ ಇಳಿಯುತ್ತಿದ್ದರು. ಸುಸಾನಾ ಮಾತ್ರ ಸಿಗಲಿಲ್ಲ.

“ಇನ್ನೊಂದೇ ಉಳಿದಿರೋದು,” ಎಂದ ಲೆನ್, ಹರ್ಬರ್ಟನ ಬಾಗಿಲ ಕಡೆ ನೋಡಿ.

“ಅದು ಬೇಡ ಕಣೋ,” ಎಂದ ಹರ್ಬರ್ಟ್. “ಮುಂದಿನ ನೆಲ ಕುಸಿದು ಬಾಗಿಲು ಸೊಂಟದೆತ್ತರಕ್ಕೆ ನಿಂತಿದೆ. ಆ ಕಲ್ಲು ಹೋದ್ರೆ ನಾನು ಪಕ್ಕದ ಕಿಟಕಿಯಿಂದ ಹೋಗಬೇಕಾಗತ್ತೆ.”

“ಚರಿತ್ರೆ ಬರೆದೋರು ಇಷ್ಟಕ್ಕೆಲ್ಲ ಹೆದರಬಾರದು,” ಎಂದಳು ಡಲ್ಸಿ.

ಲೆನ್ ಮೀಟಿದ. ಅದೇ ಗಳಿಗೆಗೆ ಬೀದಿಯ ತುದಿಯಲ್ಲಿ ಕಾರು ನಿಂತು ರೋವೀನಾ ಬ್ರಾಕ್ ಇಳಿದು ಬಂದಳು. ನೀರು ಸುರಿದರು. ಮಣ್ಣು ಹರಿದುಹೋಗಿ ಅಕ್ಷರ ಒಂದೊಂದಾಗಿ ಎದ್ದು ಬಂತು: “ಸುಸಾನಾ ಫೋವಾರ್ಗ್. ಅವಳು ಬಾರಿಸಿದಳು, ನಾವು ಉಳಿದೆವು. ಜನನ 1803. ಮರಣ”

ಅಷ್ಟೇ. ಮುಂದೆ ನುಣ್ಣನೆ ಕಲ್ಲು.

ಹರ್ಬರ್ಟನ ಮುಖ ಸುಣ್ಣದಂತಾಗಿತ್ತು. ಡಲ್ಸಿ ಬಾಯಿ ತೆರೆದವಳು ಅವನನ್ನು ನೋಡಿ ಮುಚ್ಚಿಕೊಂಡಳು. ರೋವೀನಾ ಮಂಡಿಯೂರಿ ಆ ಖಾಲಿ ಜಾಗವನ್ನು ಬೆರಳಿನಿಂದ ಸವರಿದಳು. ಚೀಲದಿಂದ ಹಳೆಯ ಕಾಗದವೊಂದನ್ನು ತೆಗೆದು, “ಇದು ಅವರೇ ಬರೆದದ್ದು, ಮಗಳಿಗೆ,” ಎಂದು ಓದಿದಳು.

“ಗೋಪುರದಿಂದ ಇಳಿಸಿದಾಗ ನಾನು ಉಳಿಯುವುದಿಲ್ಲವೆಂದುಕೊಂಡು ಊರಿನವರು ಪ್ರೀತಿಯಿಂದ ಕಲ್ಲು ತರಿಸಿ ಕೆತ್ತಿಸಿಬಿಟ್ಟರು. ನಾನು ಸಾಯದೆ ಎಲ್ಲರಿಗೂ ಮುಜುಗರ ಮಾಡಿದೆ. ಕೆನಡಾಕ್ಕೆ ಹಡಗು ಹತ್ತುವ ಮುಂಚೆ ಅದನ್ನು ಪಕ್ಕದ ಮನೆಯ ಅಬ್ರಹಾಂ ಕಟ್ಲ್ಯಾಕನ ಬಾಗಿಲಿಗೆ ಹಾಕಿಸಿದೆ. ನಮ್ಮವರು ಯಾರಾದರೂ ಬಂದು ಕೇಳಿದರೆ ಕೊಡಬೇಕೆಂದು ಮಾತಾಗಿದೆ.”

“ಕದ್ದಿದ್ದಲ್ಲ,” ಎಂದ ಹರ್ಬರ್ಟ್. ಅವನಿಗೆ ಹೋದ ಜೀವ ಬಂದಂತಾಗಿತ್ತು. “ಕೇಳಿದ್ರಾ ಎಲ್ಲರೂ? ನಮ್ಮೋರು ಕದ್ದಿದ್ದಲ್ಲ.”

“ಎಂಬತ್ತೊಂಬತ್ತು ವರ್ಷ ಬದುಕಿದ್ರು,” ಎಂದಳು ರೋವೀನಾ. “ಅಲ್ಲಿ ಅವರ ತಲೆಯ ಹತ್ತಿರ ನೆಟ್ಟಿದ್ದು ಮರದ ಶಿಲುಬೆ. ಅದೂ ಕೊಳೆತುಹೋಯ್ತು. ಕಟ್ಲ್ಯಾಕ್ ಅವರೇ, ನಾನು ಕಲ್ಲು ಕೇಳೋಕೇ ಬಂದಿದ್ದು.”

ಹರ್ಬರ್ಟ್ ಸೊಂಟದೆತ್ತರದ ಬಾಗಿಲನ್ನು ನೋಡಿದ. ಡಲ್ಸಿ ನಿಧಾನವಾಗಿ ಪುಸ್ತಕದ ಕೊನೆಯ ಪುಟ ತೆರೆದು ಓದಿದಳು: “ಸುಸಾನಾಳ ಕಲ್ಲು ಯಾರ ಮನೆಯಲ್ಲೇ ಸಿಗಲಿ, ಒಂದು ದಿನವೂ ತಡಮಾಡದೆ ಅವಳ ರಕ್ತಸಂಬಂಧಿಗಳಿಗೆ ಒಪ್ಪಿಸತಕ್ಕದ್ದು.”

“ನಾನೇ ಬರೆದಿದ್ದು,” ಎಂದ ಹರ್ಬರ್ಟ್ ಸಣ್ಣಗೆ.

ಲೆನ್‌ನ ಟ್ರಾಕ್ಟರಿನಲ್ಲಿ ಸುಸಾನಾ ಬಂದರಿನ ಕಡೆ ಹೊರಟಳು. ಯಾರು ಹೇಳಿದರೋ ಗೊತ್ತಿಲ್ಲ, ಗೋಪುರದ ಗಂಟೆ ಮೊಳಗತೊಡಗಿತು. ಬೀದಿಯವರೆಲ್ಲ ತಲೆ ತಗ್ಗಿಸಿ ನಿಂತೆವು. ನೂರೈವತ್ತು ವರ್ಷದ ಹಿಂದೆ ಆ ಸದ್ದು ಕೇಳಿಸದೆ ಹೋಗಿದ್ದರೆ ಇದನ್ನು ಹೇಳಲು ನಾನೂ ಇರುತ್ತಿರಲಿಲ್ಲ.

ಸಂಜೆ ಹೊತ್ತಿಗೆ ಲೆನ್ ವಾಪಸಾದ. ಡಲ್ಸಿಯೂ ಅವನೂ ಸೇರಿ ಹಂದಿಗೂಡಿನ ಕಲ್ಲನ್ನು ಹರ್ಬರ್ಟನ ಬಾಗಿಲಿಗೆ ತಂದರು.

“ನಿಮ್ಮ ಮುತ್ತಜ್ಜ. ನಿಮಗೇ ಇರಲಿ,” ಎಂದಳು ಡಲ್ಸಿ. “ಚರ್ಚಿನ ಅಂಗಳಕ್ಕೆ ಬೇಕಾದ್ರೆ ಅಲ್ಲಿಗೇ ಒಯ್ತೀವಿ. ಕಿಟಕಿ ಹತ್ತೋಕೆ ನಿನ್ನ ಮಂಡಿ ಒಪ್ಪಿದ್ರೆ.”

ಹರ್ಬರ್ಟ್ ತನ್ನ ಮಂಡಿ ನೋಡಿಕೊಂಡ, ಕಿಟಕಿ ನೋಡಿದ. “ಇಲ್ಲೇ ಹಾಕಿ,” ಎಂದ.

“ಹೆಸರು ಮೇಲೋ, ಕೆಳಗೋ?” ಎಂದು ಕೇಳಿದ ಲೆನ್.

ಹೆಸರು ಕೆಳಗೆ ಮಾಡಿ ಗೋರಿಕಲ್ಲು ಹಾಸಿಕೊಂಡವರನ್ನು “ಕೃತಘ್ನರು” ಎಂದು ಹರ್ಬರ್ಟ್ ಪುಸ್ತಕದಲ್ಲಿ ಒಂಬತ್ತು ಕಡೆ ಬರೆದಿದ್ದ. ಮುತ್ತಜ್ಜನ ಹೆಸರಿನ ಮೇಲೆ ಒಮ್ಮೆ ಕೈಯಾಡಿಸಿದ.

“ಕೆಳಗೆ,” ಎಂದ. “ಅಕ್ಷರ ಉಳೀಬೇಕಲ್ಲ.”

ಕಲ್ಲು ಕೂತ ಮೇಲೆ ಅವನು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಕಾಲುಚೀಲದಲ್ಲೇ ಮೆಲ್ಲಗೆ ಹೆಜ್ಜೆ ಇಟ್ಟು ಮನೆಯೊಳಗೆ ಹೋದ.

“ದಿನಾ ಹೀಗೇ ಬಿಚ್ತೀಯಾ?” ಎಂದು ಡಲ್ಸಿ ಕೂಗಿದಳು.

“ಬಿಚ್ತೀನಿ,” ಎಂದ ಹರ್ಬರ್ಟ್ ಒಳಗಿನಿಂದ. “ರೂಢಿ ಆಗೋವರೆಗೆ.”